ಮಸಿ ಚೆಲ್ಲಿದವರ ಮನೆಯಲ್ಲಿ

ಮೊದಲ ಸಲ ಹೋದಾಗ ಗೇಟಿನಿಂದಲೇ ವಾಪಸ್ ಬಂದೆವು. ತಪ್ಪು ನಮ್ಮದೇ. ತೈಪೆಯಲ್ಲಿ ಒಬ್ಬ ಚೀನೀ ಚಿತ್ರಕಾರರು ಇದ್ದ ಆ ಮನೆ ನೋಡಬೇಕಾದರೆ ಮೊದಲೇ ಹೆಸರು ಬರೆಸಿರಬೇಕು. ನಾವು ಸುಮ್ನೆ ನಡೆದುಕೊಂಡು ಹೋಗಿ ಬಾಗಿಲು ತಟ್ಟಿದ್ದೆವು.

ಮಗ ತೈವಾನಿನ ಶಿಂಜುವಿನಲ್ಲಿ ಒಂದು ಚಿಪ್ ಕಂಪನಿಯಲ್ಲಿದ್ದಾನೆ. "ಬಾ ಅಮ್ಮ, ಒಂದು ತಿಂಗಳು ಇದ್ದು ಹೋಗು" ಅಂತ ಎರಡು ವರ್ಷದಿಂದ ಕರೆಯುತ್ತಿದ್ದ. ರಿಟೈರ್ ಆದಮೇಲೆ ನೆಪ ಹೇಳೋಕೆ ಏನೂ ಉಳಿಯಲಿಲ್ಲ. ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬ ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆ. ದಾವಣಗೆರೆ ಹತ್ತಿರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು ನಾನು. "ಗೆರೆ ದಾಟಿ ಬಣ್ಣ ಹಚ್ಚಬೇಡಿ" ಅನ್ನೋ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಮಾತು ಯಾಕೆ ಬಂತು ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಶನಿವಾರ ಮಗ ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಶಿಂಜುವಿನಿಂದ ಬುಲೆಟ್ ರೈಲಿನಲ್ಲಿ ಅರ್ಧ ಗಂಟೆ, ಆಮೇಲೆ ಮೆಟ್ರೋದಲ್ಲಿ ಶಿಲಿನ್ ಸ್ಟೇಷನ್, ಅಲ್ಲಿಂದ 'ಕೆಂಪು 30' ಅನ್ನೋ ಬಸ್ಸು. ಒಳಗೆ ಜನ ಜಾಸ್ತಿ ಮುತ್ತಿಕೊಂಡಿದ್ದು ಒಂದು ಕೋಸಿನ ಸುತ್ತ. ಬಿಳಿ, ಹಸಿರು ಎರಡೂ ಇರುವ ಒಂದೇ ಜೇಡ್ ಕಲ್ಲಿನಲ್ಲಿ ಕೆತ್ತಿದ ಕೋಸು. ಗೇಣುದ್ದ ಇದೆ ಅಷ್ಟೇ. ಎಲೆಯ ಮೇಲೆ ಹುಳ ಕೂತಿದೆ. ನೋಡಿದೆ, ಚೆನ್ನಾಗಿದೆ, ಮುಂದೆ ಹೋದೆ. ನನ್ನನ್ನು ನಿಲ್ಲಿಸಿದ್ದು ಕೆಳಗಿನ ಅಂಗಡಿಯಲ್ಲಿದ್ದ ಒಂದು ಪೋಸ್ಟ್‌ಕಾರ್ಡ್.

ಅದರಲ್ಲಿ ಚಿತ್ರ ಅನ್ನೋದು ಏನೂ ಇರಲಿಲ್ಲ ಅಂತ ಮೊದಲು ಅನಿಸಿತು. ಕಪ್ಪು ಮಸಿ ದೌತಿಯಿಂದ ಚೆಲ್ಲಿಹೋದ ಹಾಗಿತ್ತು. ಅದರ ಮೇಲೆ ನವಿಲಿನ ಕತ್ತಿನ ನೀಲಿ, ಪಾಚಿಯ ಹಸಿರು ಹರಿದು ಒಂದರೊಳಗೊಂದು ಸೇರಿಕೊಂಡಿದ್ದವು. ನನ್ನ ಕ್ಲಾಸಿನ ಹುಡುಗ ತಂದು ತೋರಿಸಿದ್ದರೆ "ನೀರು ಬಿತ್ತಾ? ಇನ್ನೊಂದು ಹಾಳೆ ತಗೋ" ಅಂದಿರುತ್ತಿದ್ದೆ. ಕನ್ನಡಕ ಸರಿಮಾಡಿಕೊಂಡು ನೋಡಿದರೆ ಕೆಳಗಡೆ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಮನೆ. ಪಕ್ಕದಲ್ಲಿ ನಾಲ್ಕು ಮರ. ಅದು ಕಂಡದ್ದೇ ತಡ, ಕಪ್ಪೆಲ್ಲ ಬೆಟ್ಟವಾಯಿತು, ನೀಲಿಯೆಲ್ಲ ಮಂಜಾಯಿತು. ಒಂದು ಕ್ಷಣದ ಹಿಂದೆ ಅಲ್ಲಿ ಬರೀ ಮಸಿಯ ಕಲೆ ಇತ್ತು!

"ಯಾರೋ ಇದು?" ಅಂತ ಮಗನನ್ನು ಕೇಳಿದೆ. ಅವನು ಅಂಗಡಿಯ ಹುಡುಗಿಯನ್ನು ಕೇಳಿದ. ಝಾಂಗ್ ದಾಚಿಯೆನ್ ಅಂದಳು. ಅವರ ಮನೆ ಇಲ್ಲೇ, ನಡೆದರೆ ಹತ್ತು ನಿಮಿಷ ಅಂತಲೂ ಹೇಳಿದಳು. ಹಾಗೆ ಹೋಗಿ ಗೇಟಿನಲ್ಲಿ ನಿಂತದ್ದು ಮೊದಲ ಸಲದ ಕಥೆ.

ಎರಡನೇ ಸಲ ಮಗ ಸರಿಯಾಗಿ ಬುಕ್ ಮಾಡಿದ್ದ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಎರಡು ಹೊಳೆ ಕೂಡುವ ಜಾಗದಲ್ಲಿ ಮನೆ. ಹಾಗಾಗಿ ಒಳಗೆ ಎಲ್ಲಿ ನಿಂತರೂ ನೀರಿನ ಸದ್ದು. ಬಾಗಿಲ ಮೇಲೆ ಮರದ ಫಲಕದಲ್ಲಿ ನಾಲ್ಕು ಅಕ್ಷರ. ಅವರ ಗೆಳೆಯ, ದೊಡ್ಡ ಲಿಪಿಕಾರ ತೈ ಜಿಂಗ್‌ನೊಂಗ್ ಬರೆದದ್ದಂತೆ. ಮಗ ಫೋನ್ ಹಿಡಿದು ಓದಿ, "ಮೋ ಯೆ ಜಿಂಗ್ ಶ. ಮಾಯಾ ವಿಹಾರ ಅಂತ ಅಮ್ಮ" ಅಂದ. ಓಹೋ, ಜಗತ್ತೆಲ್ಲ ಮಾಯೆ ಅನ್ನೋ ಅರ್ಥ ಇರಬೇಕು, ನಮ್ಮ ವೇದಾಂತ ಇಲ್ಲಿಗೂ ಬಂದಿದೆ ಅಂತ ನಾನು ಹಿಗ್ಗಿದೆ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಹಿರಿಯ ಹೆಂಗಸು ಕೈ ಆಡಿಸಿ ಅಲ್ಲ ಅಂದರು. ಅದು ಬುದ್ಧನ ತಾಯಿ ಮಾಯಾದೇವಿಯ ಹೆಸರು. ಅವಳ ಹೊಟ್ಟೆಯಲ್ಲಿ ಮೂರು ಸಾವಿರ ಮಹಾಲೋಕಗಳಿದ್ದವು ಅಂತ ಬೌದ್ಧರ ನಂಬಿಕೆ. 'ದಾಚಿಯೆನ್' ಅಂದರೆ ಆ ಮಹಾಸಾವಿರವೇ. ಮಗ ತಾಯಿಯ ಹೊಟ್ಟೆ ಸೇರಿದ ಹಾಗೆ ಈ ಮನೆ ಸೇರಿಕೊಂಡರು, ಅಲ್ವಾ ಅಂದೆ. ಮಗ ಅದನ್ನು ಅನುವಾದ ಮಾಡಲಿಲ್ಲ, ನಾಚಿಕೊಂಡ.

ಈ ಹೆಸರು ಬಂದದ್ದೂ ಒಂದು ಕಥೆ. ಅವರು ಹುಟ್ಟಿದ್ದು 1899ರಲ್ಲಿ, ಚೀನಾದ ಸಿಚುವಾನ್ ಪ್ರಾಂತ್ಯದ ನೇಜಿಯಾಂಗ್‌ನಲ್ಲಿ. ಚಿತ್ರ ಕಲಿಸಿದ್ದು ಅಮ್ಮನೇ. ಹದಿಹರೆಯದಲ್ಲಿ ಒಮ್ಮೆ ಡಕಾಯಿತರು ಹಿಡಿದುಕೊಂಡು ಹೋದರು. ಹುಡುಗನ ಅಕ್ಷರ ಚೆನ್ನಾಗಿದೆ ಅಂತ ನೂರು ದಿನ ತಮ್ಮ ಗುಮಾಸ್ತನನ್ನಾಗಿ ಇಟ್ಟುಕೊಂಡರು! ಆಮೇಲೆ ಜಪಾನಿನ ಕ್ಯೋಟೋಗೆ ಹೋಗಿ ಬಟ್ಟೆಗೆ ಬಣ್ಣ ಹಾಕೋದು ಕಲಿತರು. ವಾಪಸ್ ಬಂದಾಗ ಮದುವೆ ನಿಶ್ಚಯವಾಗಿದ್ದ ಹುಡುಗಿ ತೀರಿಕೊಂಡಿದ್ದಳು. ಮಠ ಸೇರಿ ತಲೆ ಬೋಳಿಸಿಕೊಂಡರು. ಅಲ್ಲಿಯೂ ಇದ್ದದ್ದು ನೂರು ದಿನವೇ. ಅಣ್ಣ ಬಂದು ಎಳೆದುಕೊಂಡು ಹೋದ. ಮಠ ಬಿಟ್ಟರು, ಮಠದ ಹೆಸರು ಬಿಡಲಿಲ್ಲ.

ನಡುಮನೆ ದಾಟಿ ಚಿತ್ರ ಬರೆಯುವ ಕೋಣೆಗೆ ಕಾಲಿಟ್ಟಾಗ ನಾನು ಒಂದು ಹೆಜ್ಜೆ ಹಿಂದೆ ಬಂದೆ. ದೊಡ್ಡ ಮೇಜಿನ ಹಿಂದೆ ಅವರೇ ನಿಂತಿದ್ದರು. ಎದೆವರೆಗೆ ಬಿಳಿ ಗಡ್ಡ, ಉದ್ದ ನಿಲುವಂಗಿ, ಕೈಯಲ್ಲಿ ಕುಂಚ. ಮೇಣದ ಗೊಂಬೆ. ಹಿಂದೆ ಕರಿ ಗಿಬ್ಬನ್, ಅದು ತೊಗಲು ತುಂಬಿಟ್ಟದ್ದು. ಇವರು ಹುಟ್ಟುವ ಮೊದಲು ಅಮ್ಮನ ಕನಸಿನಲ್ಲಿ ಕರಿಕೋತಿ ಬಂದಿತ್ತಂತೆ. ಅದಕ್ಕೇ ಜೀವನವಿಡೀ ಗಿಬ್ಬನ್ ಸಾಕಿದರು. ನನಗೆ ಮೇಣದ ಗೊಂಬೆಗಳು ಅಷ್ಟು ಇಷ್ಟವಾಗುವುದಿಲ್ಲ. ಆದರೆ ಆ ಮೇಜು ಇಷ್ಟವಾಯಿತು. ಮಂಚಕ್ಕಿಂತ ದೊಡ್ಡದು.

ಇಲ್ಲಿ ನಿಂತು ಆ ಹೆಂಗಸು ಹೇಳಿದ್ದನ್ನು ನಾನು ಬರೆದುಕೊಂಡೆ. ಇವರು ಅರವತ್ತರವರೆಗೂ ಮಾಡಿದ್ದು ಜಾಸ್ತಿ ನಕಲೇ. ಹದಿನೇಳನೇ ಶತಮಾನದ ಶಿತಾವ್ ಎಂಬ ಸನ್ಯಾಸಿ ಚಿತ್ರಕಾರನನ್ನು ಎಷ್ಟು ನಕಲು ಮಾಡಿದರೆಂದರೆ ದೊಡ್ಡ ದೊಡ್ಡ ಪರಿಣತರೂ ಮೋಸಹೋದರು. ಅಮೆರಿಕದ ಬಾಸ್ಟನ್ನಿನ ಮ್ಯೂಸಿಯಂ 1957ರಲ್ಲಿ ಹತ್ತನೇ ಶತಮಾನದ ಚಿತ್ರ ಅಂತ ಒಂದನ್ನು ಕೊಂಡಿತು. ಅದು ಝಾಂಗ್ ಅವರ ಕೈಕೆಲಸ ಅಂತ ಈಗ ಒಪ್ಪಿದ್ದಾರೆ. ಹೆಂಗಸು ಇದನ್ನು ನಗುತ್ತಾ ಹೇಳಿದರು, ಕೃಷ್ಣ ಬೆಣ್ಣೆ ಕದ್ದದ್ದನ್ನು ನಾವು ಹೇಳುವ ಹಾಗೆ. ನನಗೆ ನಗು ಬರಲಿಲ್ಲ. ಮೋಸ ಮೋಸವೇ. ಆದರೆ ಸಾವಿರ ವರ್ಷದ ಹಿಂದಿನವರ ಕೈಯನ್ನು ತನ್ನ ಕೈಗೆ ಬರಿಸಿಕೊಳ್ಳೋದು ಎಂಥ ಕಷ್ಟ ಅಂತ ಡ್ರಾಯಿಂಗ್ ಟೀಚರಿಗೆ ಗೊತ್ತಿರುತ್ತದೆ. ಅಷ್ಟು ಮಟ್ಟಿಗೆ ಕೈ ಮುಗಿದೆ.

ನಕಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಡುನ್‌ಹುವಾಂಗ್. ಗೋಬಿ ಮರಳುಗಾಡಿನ ಅಂಚಿನ ಬೌದ್ಧ ಗುಹೆಗಳು. 1941ರಲ್ಲಿ ಹೆಂಡಿರು ಮಕ್ಕಳು ಶಿಷ್ಯರ ಜೊತೆ ಅಲ್ಲಿಗೆ ಹೋಗಿ ಎರಡೂವರೆ ವರ್ಷ ಇದ್ದರು. ಗೋಡೆಯ ಚಿತ್ರಗಳ 276 ನಕಲು ಮಾಡಿದರು. ಟಿಬೆಟನ್ ಮಠದಿಂದ ಐವರು ಲಾಮಾಗಳನ್ನು ಕರೆಸಿದ್ದರು. ಬಟ್ಟೆ ಹದ ಮಾಡೋದು, ಬಣ್ಣ ಅರೆಯೋದು ಅವರ ಕೆಲಸ. ಒಳಗಿನ ಪದರ ನೋಡಲು ಮೇಲಿನ ಚಿತ್ರ ಕಿತ್ತರು ಅನ್ನೋ ಆರೋಪ ಝಾಂಗ್ ಅವರ ಮೇಲಿದೆ, ಇವತ್ತಿಗೂ ಪೂರ್ತಿ ಹೋಗಿಲ್ಲ. ನಕಲುಗಳಲ್ಲಿ 62 ಈ ತೈಪೆಯ ಮ್ಯೂಸಿಯಂಗೇ ಕೊಟ್ಟರು.

ಅಲ್ಲಿಂದ ನಮ್ಮ ದೇಶಕ್ಕೂ ಬಂದಿದ್ದರು ಅಂದಾಗ ನಾನು ಪೆನ್ನು ನಿಲ್ಲಿಸಿದೆ. 1949ರಲ್ಲಿ ಚೀನಾ ಬಿಟ್ಟರು, 1950ರಲ್ಲಿ ಭಾರತ. ದೆಹಲಿಯಲ್ಲಿ ಚಿತ್ರಪ್ರದರ್ಶನ, ಆಮೇಲೆ ಅಜಂತಾದಲ್ಲಿ ಸುಮಾರು ಮೂರು ತಿಂಗಳು, ಆಮೇಲೆ ಡಾರ್ಜಿಲಿಂಗ್‌ನಲ್ಲಿ ವಾಸ. ಡುನ್‌ಹುವಾಂಗ್ ಚಿತ್ರಗಳು ಅಜಂತಾದಿಂದ ಹುಟ್ಟಿದವೋ, ಚೀನಾದವರದ್ದೇ ದಾರಿಯೋ ಅಂತ ಕಣ್ಣಾರೆ ನೋಡಿ ತಿಳಿಯಬೇಕಿತ್ತು. ಚೀನಾದವರದ್ದೇ ದಾರಿ ಅಂತ ತೀರ್ಮಾನ ಮಾಡಿದರು. ನಾನು ಮಕ್ಕಳನ್ನು ಕಟ್ಟಿಕೊಂಡು ಅಜಂತಾಗೆ ಟೂರ್ ಹೋಗಿದ್ದೆ. ಹನ್ನೊಂದಕ್ಕೆ ಬಸ್ ಇಳಿದು ಮೂರಕ್ಕೆ ಮತ್ತೆ ಬಸ್ ಹತ್ತಿದ್ದೆವು. ಒಬ್ಬ ಹುಡುಗನ ಚಪ್ಪಲಿ ಕಳೆದಿತ್ತು, ಅದನ್ನು ಹುಡುಕಿದ್ದೇ ಜಾಸ್ತಿ ನೆನಪಿದೆ.

ಆಮೇಲೆ ಅರ್ಜೆಂಟೀನಾ, ಬ್ರೆಜಿಲ್, ಅಮೆರಿಕ. 1956ರಲ್ಲಿ ಫ್ರಾನ್ಸಿನಲ್ಲಿ ಪಿಕಾಸೋ ಮನೆಗೂ ಹೋಗಿ ಬಂದರು. ಬ್ರೆಜಿಲ್‌ನಲ್ಲಿ ದೊಡ್ಡ ಜಮೀನು ಕೊಂಡು ಚೀನೀ ತೋಟ ಮಾಡಿದರು. ಕೆರೆ ತೋಡಿಸಿದರು, ಬಂಡೆ ತರಿಸಿದರು. ಅಲ್ಲಿ ಇದ್ದಾಗಲೇ ಕಣ್ಣು ಕೆಟ್ಟಿತು. ಮೊದಲೇ ಸಕ್ಕರೆ ಕಾಯಿಲೆ. 1957ರಲ್ಲಿ ತೋಟದ ಬಂಡೆ ಎತ್ತಲು ಹೋಗಿ ಕಣ್ಣಿನೊಳಗಿನ ರಕ್ತನಾಳ ಒಡೆಯಿತು. ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುತ್ತಿದ್ದ ಮನುಷ್ಯನಿಗೆ ಗೆರೆಯೇ ಕಾಣದ ಹಾಗಾಯಿತು.

ಪೋಸ್ಟ್‌ಕಾರ್ಡಿನ ಚಿತ್ರ ಇಲ್ಲಿಂದ ಶುರು. ಹಾಳೆಯನ್ನೋ ರೇಷ್ಮೆಯನ್ನೋ ಒದ್ದೆ ಮಾಡಿ ಹಾಸುವುದು. ಬಟ್ಟಲಿನಿಂದ ಮಸಿ ಸುರಿಯುವುದು. ಜೊತೆಯಲ್ಲಿದ್ದವರು ಮೂಲೆ ಹಿಡಿದು ಎತ್ತುತ್ತಾರೆ, ಇಳಿಸುತ್ತಾರೆ. ಮಸಿ ತನಗೆ ಬೇಕಾದ ಕಡೆ ಹರಿಯುತ್ತದೆ, ಪೂರ್ತಿ ತನಗೆ ಬೇಕಾದ ಕಡೆ ಹರಿಯಲು ಇವರು ಬಿಡುವುದಿಲ್ಲ. ನಾವು ದೋಸೆ ಕಾವಲಿ ಎತ್ತಿ ಎಣ್ಣೆ ಹರಿಸುವುದಿಲ್ಲವೇ, ಆ ಥರ. ಅರೆಬರೆ ಒಣಗಿದಮೇಲೆ ನೀಲಿ, ಹಸಿರು. ಇವು ಅಜುರೈಟ್, ಮಲಾಕೈಟ್ ಅನ್ನೋ ತಾಮ್ರದ ಕಲ್ಲುಗಳನ್ನು ಅರೆದು ಅಂಟು ಸೇರಿಸಿ ಮಾಡಿದ ಬಣ್ಣ. ಡುನ್‌ಹುವಾಂಗ್ ಗೋಡೆಗಳ ಮೇಲಿದ್ದದ್ದೂ ಇಂಥ ಕಲ್ಲಿನ ಬಣ್ಣವೇ. ಎಲ್ಲ ಒಣಗಿದಮೇಲೆ ಆ ಕಲೆಯನ್ನು ದಿಟ್ಟಿಸಿ ನೋಡುತ್ತಾ ಕೂರುವುದು. ಎಲ್ಲಿ ಬೆಟ್ಟ, ಎಲ್ಲಿ ನೀರು, ಮನೆ ಎಲ್ಲಿಟ್ಟರೆ ಇದೆಲ್ಲ ಊರಾಗುತ್ತದೆ? ಕೊನೆಗೆ ಕುಂಚ ತೆಗೆದುಕೊಂಡು ಹತ್ತಿಪ್ಪತ್ತು ಗೆರೆ.

ಅಮೆರಿಕದಲ್ಲಿ ಆಗ ಬಣ್ಣ ಎರಚುವ ಚಿತ್ರಕಾರರಿದ್ದರು. ಅವರನ್ನು ನೋಡಿ ಮಾಡಿದರು ಅಂತ ಕೆಲವರು ಅಂದರು. ಇವರು ಒಪ್ಪಲಿಲ್ಲ. ತಾಂಗ್ ರಾಜರ ಕಾಲದಲ್ಲೇ ವಾಂಗ್ ಮೋ ಅನ್ನೋನು ಕುಡಿದು ಮಸಿ ಚೆಲ್ಲಿ ಬೆಟ್ಟ ಬರೆಯುತ್ತಿದ್ದ, ನನ್ನದು ಆ ದಾರಿ ಅನ್ನುತ್ತಿದ್ದರು. ನನಗನಿಸುವುದು, ಎರಡೂ ಸ್ವಲ್ಪ ಸ್ವಲ್ಪ ನಿಜ. ಪ್ಯಾರಿಸ್, ಕ್ಯಾಲಿಫೋರ್ನಿಯಾ ಸುತ್ತಿದ ಕಣ್ಣು ಏನನ್ನೂ ನೋಡಲಿಲ್ಲ ಅಂದರೆ ನಂಬುವುದು ಹೇಗೆ? ಆದರೆ ಆ ಹತ್ತಿಪ್ಪತ್ತು ಗೆರೆಗಳಿವೆಯಲ್ಲ, ಅವು ಅಮೆರಿಕದಿಂದ ಬಂದವಲ್ಲ. ನಕಲು ಮಾಡಿ ಮಾಡಿ ಸವೆದ ಬೆರಳಿನವು. ಕಣ್ಣು ಅರ್ಧ ಹೋದಮೇಲೂ ಬೆರಳು ಮರೆಯಲಿಲ್ಲ.

ಊಟದ ಕೋಣೆಯಲ್ಲಿ ನನಗೆ ನೆಮ್ಮದಿಯಾಯಿತು. ದುಂಡು ಮೇಜು, ಸುತ್ತ ಕುರ್ಚಿ. ಊಟ ಅಂದರೆ ಇವರಿಗೆ ಪ್ರಾಣ. ಅತಿಥಿಗಳು ಬರುವ ದಿನ ಏನೇನು ಅಡುಗೆ ಅಂತ ಕುಂಚದಲ್ಲಿ ತಾವೇ ಪಟ್ಟಿ ಬರೆಯುತ್ತಿದ್ದರು. ಒಂದು ಸಲ ಊಟಕ್ಕೆ ಬಂದಿದ್ದ ಹಳೇ ಸೇನಾಪತಿ ಝಾಂಗ್ ಶುಯೆಲಿಯಾಂಗ್ ಆ ಪಟ್ಟಿಯನ್ನೇ ಕೇಳಿ ಇಸಿದುಕೊಂಡು ಹೋಗಿ ಚಿತ್ರದ ಹಾಗೆ ಕಟ್ಟು ಹಾಕಿಸಿದರಂತೆ.

ಹಿತ್ತಲಿಗೆ ಬಂದರೆ ಮಾಂಸ ಸುಡಲು ಒಂದು ಚಪ್ಪರ, ಅದರ ಹತ್ತಿರ ಸಾಲಾಗಿ ಮಣ್ಣಿನ ಜಾಡಿಗಳು. ಸಿಚುವಾನ್ ಕಡೆಯ ಉಪ್ಪಿನಕಾಯಿ ಜಾಡಿ! ಬಾಯಿಯ ಸುತ್ತ ಒಂದು ದೋಣಿ, ಅದಕ್ಕೆ ನೀರು ತುಂಬಿ ಬಟ್ಟಲು ಮಗುಚಿದರೆ ಒಳಗೆ ಗಾಳಿ ಹೋಗುವುದಿಲ್ಲ. ನಮ್ಮ ಅಜ್ಜಿಯ ಭರಣಿಗೆ ಬಟ್ಟೆ ಕಟ್ಟುತ್ತಿದ್ದೆವು, ಇವರದ್ದು ನೀರಿನ ಬೀಗ. ನಾನು ಬಗ್ಗಿ ಅದನ್ನೇ ನೋಡುತ್ತಿದ್ದೆ. ಮಗ "ಅಮ್ಮ, ಎಲ್ಲರೂ ಮುಂದೆ ಹೋದರು" ಅಂತ ಎಳೆದ.

ಎಲ್ಲರೂ ನಿಂತಿದ್ದದ್ದು ಒಂದು ಬಂಡೆಯ ಮುಂದೆ. ಆಳೆತ್ತರಕ್ಕಿಂತ ಎತ್ತರ. ಕ್ಯಾಲಿಫೋರ್ನಿಯಾದ ಕಡಲ ಕರೆಯಲ್ಲಿ ಕಣ್ಣಿಗೆ ಬಿದ್ದು, ಬಹಳ ಆಸೆಪಟ್ಟು, ಕೊನೆಗೆ ಹಡಗಿನಲ್ಲಿ ಇಲ್ಲಿಗೆ ಬಂದದ್ದು. 'ಮೇ ಚಿಯು' ಅಂತ ಅದರ ಮೇಲೆ ಬರೆದಿದ್ದಾರೆ, ಪ್ಲಮ್ ಹೂವಿನ ಗುಡ್ಡ. ಸುತ್ತ ಪ್ಲಮ್ ಗಿಡಗಳು, ಆಗ ಹೂವಿರಲಿಲ್ಲ. ಕೆಳಗೆ ಅವರ ಚಿತಾಭಸ್ಮ ಇದೆ. ಮಳೆಯಲ್ಲಿ ಬಂಡೆ ಕಪ್ಪಗೆ ಹೊಳೆಯುತ್ತಿತ್ತು.

ಕೊನೆಯ ಚಿತ್ರದ ಕಥೆ ಅಲ್ಲಿ ನಿಂತೇ ಕೇಳಿದ್ದು. 1981ರಲ್ಲಿ, ಎಂಬತ್ತು ದಾಟಿದಮೇಲೆ, ಚೀನಾದ ಲು ಪರ್ವತ ಬರೆಯಲು ಕೂತರು. ಹತ್ತಿರ ಹತ್ತಿರ ಹತ್ತು ಮೀಟರ್ ಉದ್ದ, ಎರಡು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದ ಒಂದೇ ರೇಷ್ಮೆ. ನಡುಭಾಗಕ್ಕೆ ಕೈ ಎಟಕದೇ ಇದ್ದಾಗ ಜನ ಅವರನ್ನು ಎತ್ತಿ ಮೇಜಿನ ಮೇಲೆ ಬಿಡುತ್ತಿದ್ದರು. ಮುದುಕರು ಮೇಜಿನ ಮೇಲೆ ಬಾಗಿಕೊಂಡು ಬೆಟ್ಟಕ್ಕೆ ಬಣ್ಣ ಕೊಡುತ್ತಿದ್ದರು. ತಮಾಷೆ ಅಂದರೆ ಆ ಪರ್ವತಕ್ಕೆ ಅವರು ಒಂದು ದಿನವೂ ಹೋದವರಲ್ಲ. 1983ರ ಜನವರಿಯಲ್ಲಿ ಪ್ರದರ್ಶನಕ್ಕೆ ಇಟ್ಟರು, ಇನ್ನೂ ಮುಗಿದಿರಲಿಲ್ಲ. ಏಪ್ರಿಲ್ 2ಕ್ಕೆ ತೀರಿಕೊಂಡರು.

ವಾಪಸ್ ಹೋಗುವಾಗ ಮಗನಿಗೆ ಕಾಟ ಕೊಟ್ಟು ಒಂದು ಅಂಗಡಿಗೆ ಹೋದೆ. ಚೀನೀ ಚಿತ್ರದ ಹಾಳೆ ನಾಲ್ಕು, ಒಂದು ಸೀಸೆ ಮಸಿ ಕೊಂಡೆ. ಮಾರನೇ ದಿನ ಅವನು ಆಫೀಸಿಗೆ ಹೋದಮೇಲೆ ಬಾಲ್ಕನಿಯಲ್ಲಿ ಹಾಳೆ ಹಾಸಿ, ನೀರು ಚಿಮುಕಿಸಿ, ಬಟ್ಟಲಿನಿಂದ ಮಸಿ ಸುರಿದೆ. ಮೊದಲನೇ ಹಾಳೆ ಎತ್ತುವಾಗಲೇ ಹರಿದುಹೋಯಿತು. ಎರಡನೆಯದರಲ್ಲಿ ಮಸಿ ಒಂದೇ ಕಡೆ ಗುಂಡಿಯಾಗಿ ನಿಂತಿತು. ಮೂರನೆಯದು ಪರವಾಗಿಲ್ಲ ಅನಿಸಿ, ಒಣಗಲು ಬಿಟ್ಟು, ಕೂತು ದಿಟ್ಟಿಸಿದೆ. ಬೆಟ್ಟ ಕಾಣಲಿಲ್ಲ. ಮನೆ ಇಡೋಣ ಅಂದರೆ ಎಲ್ಲಿ ಇಡಬೇಕು ಅಂತ ತೋಚಲಿಲ್ಲ. ನಾಲ್ಕನೇ ಹಾಳೆ ಊರಿಗೆ ತಂದಿದ್ದೇನೆ, ಟ್ರಂಕಿನಲ್ಲಿದೆ.

ಬಾಲ್ಕನಿಯ ಟೈಲ್ಸ್ ಸಂದಿನ ಕಪ್ಪು ಇನ್ನೂ ಹೋಗಿಲ್ಲ ಅಂತ ಮಗ ಮೊನ್ನೆ ಫೋನಿನಲ್ಲಿ ಹೇಳಿದ.