ಹದಿನಾಲ್ಕು ವಾರದ ಸೂಜಿ, ಆಮೇಲೆ ರೈಲು

ನವೆಂಬರ್ 14, 2024, ಗುರುವಾರ. ಶಿವಮೊಗ್ಗ

ಮೂರು ತಿಂಗಳು ತುಂಬುತ್ತಿದ್ದಂತೆ ಬಾಣಂತಿಯನ್ನೂ ಪಾಪುವನ್ನೂ ತವರಿಂದ ಗಂಡನ ಮನೆಗೆ ಕಳಿಸಬೇಕು, ಇಲ್ಲವಾದರೆ ಐದಕ್ಕೆ, ನಾಲ್ಕು ನಡೆಯುವಾಗ ಮಾತ್ರ ಬೇಡ. ಇದು ನಮ್ಮ ಕಡೆಯ ಹಿರಿಯರ ಲೆಕ್ಕ. ಲಸಿಕೆಯ ಲೆಕ್ಕ ಬೇರೆ. 14 ವಾರ ಅಂದರೆ 98 ದಿನ, ಅಂದರೆ ಮೂರು ತಿಂಗಳು ತುಂಬಿ ಸುಮಾರು ಒಂದು ವಾರ. ಆ ಒಂದು ವಾರ ತವರಲ್ಲೇ ಉಳಿದುಕೊಂಡರೆ 6, 10, 14 ವಾರದ ಲಸಿಕೆಗಳೆಲ್ಲ ಒಂದೇ ಆರೋಗ್ಯ ಕೇಂದ್ರದಲ್ಲಿ ಮುಗಿಯುತ್ತವೆ. ಸರ್ಕಾರಿ ಪಟ್ಟಿಯಲ್ಲಿ ಅದಾದ ಮೇಲಿನದು ಒಂಬತ್ತು ತಿಂಗಳು ತುಂಬಿದ ಮೇಲೆಯೇ. ಹಾಗಾಗಿ ಮೊದಲು ತಾಯಿ ಕಾರ್ಡು (ಲಸಿಕೆಗಳನ್ನು ಬರೆದಿಡುವ ಸರ್ಕಾರಿ ಕಾರ್ಡು), ಆಮೇಲೆ ಪಂಚಾಂಗ, ಕೊನೆಗೆ ಟಿಕೆಟ್ಟು.

ಇವತ್ತಿನದು ದೊಡ್ಡ ಕಂತು. ಎಡ ತೊಡೆಗೆ ಪೆಂಟಾ (ಐದು ರೋಗಗಳ ಲಸಿಕೆ) ಮೂರನೆಯದು, ಬಲ ತೊಡೆಗೆ ಪಿಸಿವಿ (ನ್ಯುಮೋನಿಯಾ ಲಸಿಕೆ) ಎರಡನೆಯದು, ಬಲ ತೋಳಿನ ಚರ್ಮದ ಪದರಕ್ಕೆ 0.1 ಮಿ.ಲೀ. ಪೋಲಿಯೋ ಸೂಜಿ, ಬಾಯಿಗೆ ಪೋಲಿಯೋ ಎರಡು ಹನಿ, ಜತೆಗೆ ಭೇದಿ ತಡೆಯುವ ರೋಟಾ. ಎರಡೂ ತೊಡೆ ಮತ್ತು ಒಂದು ತೋಳು ಬೇಕಾಗುವುದರಿಂದ ಮುಂದೆ ಕಟ್ಟುವ ಜಬಲಾ ಒಳ್ಳೆಯದು. ತಲೆಯಿಂದ ಕಾಲಿನವರೆಗೆ ಗುಂಡಿ ಇರುವ ಚೆಂದದ ಉಡುಪು ಹಾಕಿಸಿಕೊಂಡು ಹೋದರೆ ಅಳುವ ಮಗುವನ್ನು ಅಲ್ಲೇ ಬಿಚ್ಚಿ ಉಡಿಸುವುದೇ ಒಂದು ಕೆಲಸ. ತೋಳಿನ ಮೇಲೆ ಸಣ್ಣ ಗುಳ್ಳೆ ಎದ್ದರೆ ಹೆದರಬೇಕಾಗಿಲ್ಲ, ಸೂಜಿ ಸರಿಯಾದ ಪದರಕ್ಕೆ ಬಿದ್ದದ್ದರ ಗುರುತು ಅದು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು, ಹಾಲು ಕುಡಿಸಿ ಹೊರಡುವುದು.

ಮನೆಗೆ ಬಂದ ಮೇಲೆ ಎಡವಟ್ಟಾಗುವುದು ಜ್ವರದ ಔಷಧಿಯಲ್ಲಿ. ಪ್ಯಾರಾಸಿಟಮಾಲ್ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 125, ಇನ್ನೊಂದು ಬಗೆಯದರಲ್ಲಿ 5 ಮಿ.ಲೀ.ಗೆ 250. ಒಂದು ಸಲಕ್ಕೆ ಕೊಡುವುದು ಮಗುವಿನ ಒಂದು ಕೆ.ಜಿ. ತೂಕಕ್ಕೆ 10ರಿಂದ 15 ಮಿ.ಗ್ರಾಂ. ಆರು ಕೆ.ಜಿ. ಕೂಸಿಗೆ 75 ಮಿ.ಗ್ರಾಂ ಎಂದುಕೊಂಡರೆ ಹನಿಯಲ್ಲಿ ಮುಕ್ಕಾಲು ಮಿ.ಲೀ., 125ರ ಸಿರಪ್ಪಿನಲ್ಲಿ 3 ಮಿ.ಲೀ. ಅಕ್ಕನ ಮಗುವಿಗೆ ಮೂರು ಹಾಕಿದ್ದರು ಎಂದು ಹನಿಯ ಬಾಟಲಿಯಿಂದ 3 ಮಿ.ಲೀ. ಎತ್ತಿ ಹಾಕಿದರೆ ನಾಲ್ಕು ಪಟ್ಟು ಒಳಗೆ ಹೋಯಿತು. ಆದ್ದರಿಂದ ಇಂದಿನ ತೂಕ ನೋಡಿ ಎಷ್ಟು ಎಂದು ಡಾಕ್ಟರಿಂದಲೋ ಸಿಸ್ಟರಿಂದಲೋ ಕೇಳಿ, ಬಾಟಲಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡಬೇಕು. ಒಂದು ಸಲಕ್ಕೂ ಇನ್ನೊಂದಕ್ಕೂ ಆರು ಗಂಟೆ ಅಂತರ. ಜ್ವರ ಬರುವ ಮೊದಲೇ "ಇರಲಿ" ಎಂದು ಹಾಕುವುದು ಬೇಡ. ಎರಡು ದಿನ ದಾಟಿಯೂ ಜ್ವರ ಬಿಡದಿದ್ದರೆ, ಹಾಲು ಬಿಟ್ಟರೆ, ಮೂರು ಗಂಟೆಯಾದರೂ ಅಳು ನಿಲ್ಲದಿದ್ದರೆ ಆಸ್ಪತ್ರೆಗೇ ಹೋಗಬೇಕು.

ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ, ಶಾಖ, ಉಜ್ಜುವುದು ಯಾವುದೂ ಇಲ್ಲ. ನೀರು ಹಾಕಲು ಬರುವ ಅಜ್ಜಿಗೆ ಇದನ್ನು ಮುಂಚೆಯೇ ಹೇಳಿಡದಿದ್ದರೆ, "ಗಂಟು ಕಟ್ಟಿದೆಯಲ್ಲ, ಕರಗಿಸ್ತೀನಿ ಬಿಡವ್ವ" ಎಂದು ತೊಡೆಗೇ ಕೈ ಹಾಕುತ್ತಾರೆ. ಆ ಗಂಟು ನೋವಿಲ್ಲದೆ ಕೆಲವು ವಾರ ಉಳಿದರೂ ತಾನಾಗಿ ಕರಗುತ್ತದೆ.

ನವೆಂಬರ್ 16, ಶನಿವಾರ

ಬೆಂಗಳೂರಿಗೆ ರೈಲೋ ಕಾರೋ ಬಸ್ಸೋ? ಈ ಚರ್ಚೆ ಪ್ರತಿ ಮನೆಯಲ್ಲೂ ಕಾರಿನ ಪರವಾಗಿಯೇ ಮುಗಿಯುತ್ತದೆ, "ಬೇಕಾದಲ್ಲಿ ನಿಲ್ಲಿಸಬಹುದು" ಎನ್ನುವ ಕಾರಣಕ್ಕೆ. ಅದು ನಿಜವೇ, ಆದರೆ ಕೂಸಿಗೆ ಸೀಟು ಇದ್ದರೆ ಮಾತ್ರ. ಬಾಡಿಗೆ ಕಾರಿನಲ್ಲಿ ಮಗುವಿನ ಸೀಟು ಸಿಗುವುದು ಅಪರೂಪ. ತಾಯಿಯ ಮಡಿಲು ಸೀಟಲ್ಲ. ಜೋರಾಗಿ ಬ್ರೇಕ್ ಬಿದ್ದರೆ ಆರು ಕೆ.ಜಿ.ಯ ಮಗುವನ್ನು ಯಾರ ತೋಳೂ ಹಿಡಿಯಲಾರದು, ತಾಯಿಯ ಬೆಲ್ಟಿನೊಳಗೆ ಸೇರಿಸಿಕೊಂಡರೆ ತಾಯಿಯ ಭಾರವೇ ಮಗುವಿನ ಮೇಲೆ ಬೀಳುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನವರಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಹಾಕುವವರು ಕಾಣಸಿಗದಿದ್ದರೂ ಬ್ರೇಕು ಬಿದ್ದೇ ಬೀಳುತ್ತದೆ.

ಸ್ವಂತ ಸೀಟು ಇದ್ದವರು ಗಮನಿಸಬೇಕಾದ್ದು: ಸೀಟು ಹಿಂದಿನ ಸಾಲಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಕೂಡದು. ಪಟ್ಟಿ ಹೆಗಲಿನ ಮಟ್ಟದಲ್ಲಿ ಅಥವಾ ತುಸು ಕೆಳಗಿನ ರಂಧ್ರದಿಂದ ಬರಬೇಕು. ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದಾಗ ಮಡಿಕೆ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು ಎಂದರ್ಥ. ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿದರೆ ಬಿಗಿ ಬಿದ್ದದ್ದು ಸ್ವೆಟರಿಗೆ, ಮಗುವಿಗಲ್ಲ. ತೆಳು ಬಟ್ಟೆಯಲ್ಲಿ ಬಿಗಿದು ಮೇಲೆ ಶಾಲು ಹೊದಿಸಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ., ಎರಡು ಗಂಟೆಗೊಮ್ಮೆ ಸೀಟಿಂದ ಎತ್ತಿ ಬೆನ್ನು ಸಡಿಲ ಮಾಡಬೇಕು, ಹಾಲು ಕುಡಿಸುವುದು ಕಾರು ನಿಂತ ಮೇಲೆಯೇ. ಕಡೂರು, ತಿಪಟೂರು, ತುಮಕೂರು ಎಂದು ನಿಲ್ಲಿಸಿಕೊಂಡು ಹೋದರೆ ಏಳೆಂಟು ಗಂಟೆ ಹಿಡಿಯುತ್ತದೆ.

ಬಸ್ಸಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಶಕ್ತಿ ಯೋಜನೆಯಲ್ಲಿ ತಾಯಿಗೂ ಟಿಕೆಟ್ಟಿಲ್ಲ, ಆದರೆ ಅದು ಸಾಮಾನ್ಯ ಬಸ್ಸುಗಳಲ್ಲಿ, ರಾಜಹಂಸ, ಸ್ಲೀಪರ್‌ಗಳಲ್ಲಲ್ಲ. ಶೌಚಾಲಯವಿಲ್ಲ ಎಂಬ ಒಂದೇ ಕಾರಣಕ್ಕೆ ಬಾಣಂತಿಯ ಮಟ್ಟಿಗೆ ಬಸ್ಸು ಕೊನೆಯ ಆಯ್ಕೆ.

ಉಳಿದದ್ದು ಬೆಳಗಿನ ಜನಶತಾಬ್ದಿ ರೈಲು. ಐದು ವರ್ಷದೊಳಗಿನವರಿಗೆ ಪ್ರತ್ಯೇಕ ಸೀಟು ಬೇಡವಾದರೆ ಟಿಕೆಟ್ಟೇ ಬೇಡ. ಪಕ್ಕದ ಸೀಟೂ ಬೇಕೆಂದರೆ ದೊಡ್ಡವರ ಪೂರ್ತಿ ದರ. ಆ ದುಡ್ಡು ದಂಡವೇನಲ್ಲ: ಒಂದು ಕಿಟಕಿ ಸೀಟು, ಪಕ್ಕದ್ದೂ ನಮ್ಮದೇ ಆದರೆ ಹಾಲು ಕುಡಿಸುವಾಗ ಮುಜುಗರವಿಲ್ಲ, ಬಟ್ಟೆ ಬದಲಿಸಲು ಜಾಗವೂ ಸಿಕ್ಕಿತು. ಬೋಗಿಯ ನಡುವಿನ ಸಾಲು ನೋಡಿ ಹಾಕಿಸಬೇಕು. ಬಾಗಿಲ ಹತ್ತಿರ ಸಿಕ್ಕರೆ ಪ್ರತಿ ನಿಲ್ದಾಣಕ್ಕೂ ಬಾಗಿಲು ಬಡಿದು ಮಗು ಏಳುತ್ತದೆ, ಶೌಚಾಲಯದ ವಾಸನೆಯೂ ಅಲ್ಲೇ. ದಿನದ ಆಯ್ಕೆಯಲ್ಲೂ ಹಿರಿಯರ ಮಾತು ನಡೆಯಲಿ: ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಸೋಮವಾರ ಬೆಳಗ್ಗೆ ಊರಿಗೆ ಬಂದು ವಾಪಸು ಹೋಗುವವರ ನೂಕುನುಗ್ಗಲು. ಬುಧವಾರ ಎಂದರೆ ಎರಡು ಕಡೆಯವರಿಗೂ ಸಮಾಧಾನ, ಲಸಿಕೆಯ ಜ್ವರವೂ ಅಷ್ಟರಲ್ಲಿ ಇಳಿದಿರುತ್ತದೆ.

ಕೈಚೀಲದ ವಿಷಯ. ಮನೆಯಿಂದ ಮನೆಗೆ ಏಳು ಗಂಟೆ ಎಂದಿಟ್ಟುಕೊಂಡು ಮೂರು ಗಂಟೆಗೊಂದು ಡೈಪರ್, ಮೇಲೆ ಎರಡು: ಒಟ್ಟು ಐದು ಸಾಕು. ಆರು ಕೆ.ಜಿ.ಗೆ ಎಸ್ ಅಳತೆ, ಎಂ ಹಾಕಿದರೆ ತೊಡೆಯ ಸಂದಿಯಿಂದ ಸೋರುತ್ತದೆ. ಹಾಕಿದ ಮೇಲೆ ತೊಡೆಯ ಸುತ್ತಲಿನ ನೆರಿಗೆಯನ್ನು ಬೆರಳು ಆಡಿಸಿ ಹೊರಗೆ ಎಳೆಯಬೇಕು. ಅದು ಒಳಗೆ ಮಡಿಚಿಕೊಂಡದ್ದೇ ಸೋರುವುದಕ್ಕೆ ಮುಖ್ಯ ಕಾರಣ, ಡೈಪರಿನ ಕಂಪನಿಯಲ್ಲ. ಪಾಪುವಿಗೆ ಮೂರು ಜತೆ ಬಟ್ಟೆ, ತಾಯಿಗೂ ಒಂದು ಕುರ್ತಾ (ಇದನ್ನು ಎಲ್ಲರೂ ಮರೆಯುತ್ತಾರೆ, ಮಗು ಕಕ್ಕುವುದು ತಾಯಿಯ ಹೆಗಲಿಗೇ), ಹಳೇ ಪಂಚೆಯ ನಾಲ್ಕು ತುಂಡು, ಒಂದು ರಬ್ಬರ್ ಶೀಟು, ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ, ಥರ್ಮಾಮೀಟರ್, ತಾಯಿ ಕಾರ್ಡು. ತೊಟ್ಟಿಲು, ಬೆಳ್ಳಿ ಬಟ್ಟಲು, ಉಡುಗೊರೆಯ ಪೆಟ್ಟಿಗೆ ಎಲ್ಲ ಪಾರ್ಸೆಲ್ಲಿಗೆ ಹೋಗಲಿ.

ಎದೆಹಾಲು ಕುಡಿಯುವ ಕೂಸಿಗೆ ಬೇರೇನೂ ಕಟ್ಟಿಕೊಳ್ಳಬೇಕಿಲ್ಲ. ಆರು ತಿಂಗಳವರೆಗೆ ನೀರೂ ಬೇಡ, ಪ್ರಯಾಣವೆಂದು ಗ್ರೈಪ್ ವಾಟರ್ ಕೂಡ ಬೇಡ. ನೀರು ಕುಡಿಯಬೇಕಾದವಳು ತಾಯಿ: ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಬಾಯಿ ಕಟ್ಟಿ ಕೂತರೆ ಸಂಜೆಯ ಹೊತ್ತಿಗೆ ತಲೆನೋವು ಖಂಡಿತ. ಡಬ್ಬಿ ಹಾಲಿನ ಮಗುವಾದರೆ ಫ್ಲಾಸ್ಕಿನಲ್ಲಿ ಕುದಿಸಿದ ಬಿಸಿನೀರು, ಒಣಗಿದ ಡಬ್ಬಿಯಲ್ಲಿ ಅಳೆದ ಪುಡಿ. ಮೊದಲು ನೀರು, ಆಮೇಲೆ ಪುಡಿ, ಅಳತೆ ಡಬ್ಬಿಯ ಮೇಲಿದ್ದಂತೆ. ಬಿಸಿ ಆರಿದ ಮೇಲೆ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸುವುದು. ಕುಡಿದು ಉಳಿದದ್ದನ್ನು ಮುಂದಿನ ನಿಲ್ದಾಣಕ್ಕೆ ಇಟ್ಟುಕೊಳ್ಳದೆ ಚೆಲ್ಲುವುದೇ ಸರಿ.

ನವೆಂಬರ್ 20, ಬುಧವಾರ. ರೈಲಿನಲ್ಲಿ, ಆಮೇಲೆ ಬೆಂಗಳೂರು

ಬೆಳಗಿನ ರೈಲಿಗೆ ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸುವುದು ಬೇಡ. ಹಿಂದಿನ ಸಂಜೆಯೇ ಎಣ್ಣೆನೀರು ಮುಗಿಸಿ, ಹೊರಡುವ ಹೊತ್ತಿಗೆ ಡೈಪರ್ ಬದಲಿಸಿ ಮಲಗಿದ ಹಾಗೇ ಎತ್ತಿಕೊಂಡರಾಯಿತು. ರೈಲು ಹೊರಟ ಮೇಲೆ ತೂಗಿ ತೂಗಿ ಚೆನ್ನಾಗಿ ನಿದ್ದೆ ಬರುತ್ತದೆ, ಎಚ್ಚರವಾಗುವುದು ರೈಲು ನಿಂತಾಗ. ಬೀರೂರು, ಅರಸೀಕೆರೆ ಬರುತ್ತಿದ್ದಂತೆ ತಾಯಿ ದುಪಟ್ಟಾ ಸರಿಮಾಡಿಕೊಂಡು ಸಿದ್ಧವಾಗಿದ್ದರೆ ಅಳು ಶುರುವಾಗುವ ಮೊದಲೇ ಹಾಲು ಬಾಯಿಗೆ ಸಿಗುತ್ತದೆ. ಅಳು ಜೋರಾದ ಮೇಲೆ ಮೊಲೆ ಹಿಡಿಸುವುದು ಕಷ್ಟ, ಗಾಳಿ ನುಂಗಿ ಮತ್ತೆ ಕಕ್ಕುತ್ತದೆ. ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಳ್ಳಬೇಕು, ರೈಲಿನ ಕುರ್ಚಿಯ ಕೈ ತಗ್ಗು.

ಎಸಿ ಬೋಗಿಯಲ್ಲಿ ಗಾಳಿ ನೇರ ತಲೆಗೆ ಬೀಳುತ್ತದೆ. ಟೋಪಿ, ಕಾಲುಚೀಲ ಸಾಕು. ಮುಖದ ಮೇಲೆ ಶಾಲು ಎಳೆಯಬಾರದು, ದುಪಟ್ಟಾದೊಳಗೂ ಮೂಗು ಕಾಣುತ್ತಿರಬೇಕು. ಮಗುವಿಗೆ ಸೆಕೆಯೋ ಚಳಿಯೋ ಎಂದು ನೋಡಲು ಕೈಕಾಲು ಮುಟ್ಟಿ ಪ್ರಯೋಜನವಿಲ್ಲ, ಅವು ಯಾವಾಗಲೂ ತಣ್ಣಗೇ. ಕತ್ತಿನ ಹಿಂಬದಿ ಮುಟ್ಟಿದರೆ ಗೊತ್ತಾಗುತ್ತದೆ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯುವುದು.

ಎದುರು ಸೀಟಿನವರು ಕೈಚಾಚುತ್ತಾರೆ. ಮುದ್ದು ಮಾಡುವವರನ್ನು ಬೇಡವೆನ್ನಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. "ಲಸಿಕೆ ಹಾಕಿಸಿದೆ, ಮುಟ್ಟಿದರೆ ನೋವು ಆಂಟಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೆಂಗಳೂರು ಮನೆಯ ಹೊಸ್ತಿಲಲ್ಲಿ ಆರತಿ. ಕೆಂಪು ನೀರು, ದೀಪ ಎಲ್ಲ ಮೊದಲೇ ಸಿದ್ಧವಿದ್ದರೆ ಎರಡು ನಿಮಿಷದ ಕೆಲಸ. ಮಗು ಒದ್ದೆಯಾಗಿ ಹಸಿದಿರುತ್ತದೆ, ಫೋಟೋಗೆಂದು ಮತ್ತೊಮ್ಮೆ ಎತ್ತಿಸುವುದು ಬೇಡ. ಕರ್ಪೂರದ ಬದಲು ತುಪ್ಪದ ಬತ್ತಿ ಇರಲಿ. ಶೀತಕ್ಕೆಂದು ಕರ್ಪೂರ ಗಂಟು ಕಟ್ಟಿ ತೊಟ್ಟಿಲಿಗೆ ತೂಗಿಬಿಡುವ ಅಭ್ಯಾಸವನ್ನೂ ಬಿಡಬೇಕು. ಕರ್ಪೂರ ಹೊಟ್ಟೆಗೆ ಹೋದರೆ, ಮೈಗೆ ಹಚ್ಚಿದರೂ ಸಹ, ಎಳೆ ಮಕ್ಕಳಿಗೆ ಫಿಟ್ಸ್ ಬರುವುದುಂಟು. ಎದೆಗೆ ಹಚ್ಚುವ ಮುಲಾಮುಗಳಲ್ಲೂ ಇರುವುದು ಅದೇ, ಎರಡು ವರ್ಷದೊಳಗೆ ಅವು ಬೇಡ.

ನವೆಂಬರ್ 24, ಭಾನುವಾರ. ಬೆಂಗಳೂರು

ನೀರು ಬದಲಾಗಿದೆ ಎಂದು ಮೊದಲು ಹೇಳುವುದು ಮಗುವಿನ ಚರ್ಮ. ತುಂಗೆಯ ನೀರಿಗೆ ಒಗ್ಗಿದ ಮೈಗೆ ಬೋರ್‌ವೆಲ್ಲಿನ ಗಡಸು ನೀರು ಬಿದ್ದರೆ ಕೆನ್ನೆ, ಮೊಣಕಾಲು ಒರಟಾಗುತ್ತವೆ. ಸೋಪು ದಿನ ಬಿಟ್ಟು ದಿನ ಮಾಡಿ, ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿದರೆ ವಾರದಲ್ಲಿ ಸರಿಹೋಗುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಗೀಸರ್ ನೀರು. ಮೊಣಕೈ ಅದ್ದಿ ನೋಡಿದಾಗ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸಬೇಕು.

ತೊಟ್ಟಿಲು ತೂಗುಹಾಕಲು ಫ್ಲ್ಯಾಟಿನ ಫಾಲ್ಸ್ ಸೀಲಿಂಗಿನ ಕೊಕ್ಕೆಯನ್ನು ನಂಬಬಾರದು, ಕೊಕ್ಕೆ ಕಾಂಕ್ರೀಟಿಗೇ ಕಚ್ಚಿರಬೇಕು. ಇಲ್ಲದಿದ್ದರೆ ನೆಲದ ಮೇಲೆ ಗಟ್ಟಿ ಹಾಸಿಗೆಯೇ ಕ್ಷೇಮ. ಅಂಗಾತ ಮಲಗಿಸುವುದು, ದಿಂಬಿಲ್ಲದೆ. ತಲೆ ಗುಂಡಗಾಗಲಿ ಎಂದು ತವರಿಂದ ಬಂದ ಸಾಸಿವೆ ದಿಂಬನ್ನು ಬಳಸದೆ ಬೀರುವಿನೊಳಗೆ ಎತ್ತಿಡಬಹುದು. ಎಚ್ಚರವಿದ್ದಾಗ ಆಗಾಗ ಬೋರಲು ಮಲಗಿಸಿ ಆಡಿಸಿದರೆ ತಲೆಯ ಹಿಂಬದಿ ಚಪ್ಪಟೆಯಾಗುವುದು ಕಡಿಮೆ.

ಮೊದಲ ಸುತ್ತಾಟಕ್ಕೆ ಮಾಲ್‌ಗಿಂತ ಲಾಲ್‌ಬಾಗ್ ಮೇಲು: ಬಿಸಿಲೇರುವ ಮೊದಲು, ಬೆಳಗ್ಗೆ ಎಂಟೂವರೆಯೊಳಗೆ. ಮೆಟ್ರೋದಲ್ಲಿ ಮೂರಡಿಗಿಂತ ಕುಳ್ಳಗಿರುವವರಿಗೆ ಟಿಕೆಟ್ಟಿಲ್ಲ. ಲಾಲ್‌ಬಾಗ್ ನಿಲ್ದಾಣದಿಂದ ಪಶ್ಚಿಮ ದ್ವಾರ ಹತ್ತಿರ. ತಳ್ಳುಗಾಡಿ ನಮ್ಮ ಫುಟ್‌ಪಾತುಗಳಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಎತ್ತಿ ಇಳಿಸುವ ಸಾಮಾನು. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲವೇ ಅನುಕೂಲ. ಕಟ್ಟಿದ ಮೇಲೆ ನೋಡಬೇಕಾದ್ದು: ಮಗುವಿನ ಹಣೆಗೆ ನಮ್ಮ ತುಟಿ ಎಟುಕಬೇಕು, ಗಲ್ಲ ಎದೆಗೆ ಅಂಟದೆ ನಡುವೆ ಎರಡು ಬೆರಳು ತೂರಬೇಕು, ಮೊಣಕಾಲು ಕುಂಡಿಗಿಂತ ಮೇಲಿರಬೇಕು. ಕಾಲು ನೇರ ಕೆಳಗೆ ಜೋತಾಡುವ ಚೀಲ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಕುತ್ತಿಗೆ ಇನ್ನೂ ಪೂರ್ತಿ ನಿಂತಿಲ್ಲವಾದ್ದರಿಂದ ಮುಖ ನಮ್ಮ ಕಡೆಗೇ.

ಕೆರೆಯ ಏರಿಯ ಹತ್ತಿರ ಸೊಳ್ಳೆ. ಮೈಗೆ ಏನೂ ಹಚ್ಚುವ ಬದಲು ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿದರೆ ಸಾಕು. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿಬೊಟ್ಟು ಬೇಕೆಂದರೆ ಅಂಗಾಲಿಗೆ ಇಡಬಹುದು, ಕೆನ್ನೆಗಿಟ್ಟರೆ ಕೈಗೆ ತಾಕಿ ಬಾಯಿಗೆ ಹೋಗುತ್ತದೆ. ಹಾಲು ಕುಡಿಸಿ ಹೊರಟರೆ ಮುಂದಿನ ಹಸಿವಿನೊಳಗೆ ಮನೆ ಸೇರಬೇಕು. ಹೋಗಿ ಬರಲು ಒಂದು ಗಂಟೆ, ತೋಟದಲ್ಲಿ ಮುಕ್ಕಾಲು ಗಂಟೆ, ಈ ತಿಂಗಳಿಗೆ ಅಷ್ಟೇ. ಗಾಜಿನಮನೆಯವರೆಗೂ ಹೋಗಿ ಬರುತ್ತೇವೆಂದು ಹಟ ಹಿಡಿದ ಮಾವಂದಿರಿಗೆ ಕಾಫಿ ಹೋಟೆಲಿನ ದಾರಿ ತೋರಿಸಿ ಮುಂದೆ ಕಳಿಸಬಹುದು.