ಡ್ರಮ್ ಕೋರ್ ಸ್ಪರ್ಧೆಯಲ್ಲಿ ತಾಳ ಎಲ್ಲಿ ತಪ್ಪುತ್ತದೆ

ಅಮೆರಿಕದ ಡ್ರಮ್ ಅಂಡ್ ಬ್ಯೂಗಲ್ ಕೋರ್, ಅಂದರೆ ಮೈದಾನದಲ್ಲಿ ಹೆಜ್ಜೆ ಹಾಕುತ್ತಲೇ ಹಿತ್ತಾಳೆ ವಾದ್ಯ, ಡ್ರಮ್ ನುಡಿಸುವ ತಂಡಗಳ ಸ್ಪರ್ಧೆ ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಬಾವುಟಗಳ ಕಡೆಗೆ, ಗಾಳಿಯಲ್ಲಿ ಸುತ್ತುವ ಮರದ ಅಣಕು ರೈಫಲ್‌ಗಳ ಕಡೆಗೆ. ಅಂಕ ಸೋರಿಹೋಗುವುದು ಬೇರೆ ಕಡೆ. ತಪ್ಪು ಸ್ವರ ಊದಿ ಹಿಂದೆ ಬಿದ್ದ ತಂಡಗಳಿಗಿಂತ, ಸರಿಯಾದ ಸ್ವರವನ್ನೇ ಕೂದಲೆಳೆಯಷ್ಟು ತಡವಾಗಿ ಊದಿ ಹಿಂದೆ ಬಿದ್ದ ತಂಡಗಳೇ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ತಡಕ್ಕೆ ವಾದಕರ ಅಭ್ಯಾಸ ಸಾಲದ್ದು ಕಾರಣ ಎಂದುಕೊಳ್ಳುವವರಿದ್ದಾರೆ. ಬಹಳ ಸಲ ಕಾರಣ ಮೈದಾನದ ಅಳತೆ.

ಸ್ಪರ್ಧೆ ನಡೆಯುವುದು ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ. ಉದ್ದ 100 ಗಜ, ಅಗಲ 53 ಗಜಕ್ಕೆ ತುಸು ಹೆಚ್ಚು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 30 ಗಜ, ಅಂದರೆ ಸುಮಾರು 27 ಮೀಟರ್ ದಾಟಲು 0.08 ಸೆಕೆಂಡ್ ಬೇಕು. ಮಾತುಕತೆಯಲ್ಲಿ ಯಾರ ಗಮನಕ್ಕೂ ಬಾರದ ಅಂತರ ಇದು. ಆದರೆ ನಿಮಿಷಕ್ಕೆ 180 ಬೀಟ್ ವೇಗದಲ್ಲಿ ಒಂದು ಬೀಟ್ ಇರುವುದೇ 0.33 ಸೆಕೆಂಡ್, ಅದರ ಕಾಲು ಭಾಗವೇ ಈ 0.08. ಸ್ನೇರ್ ಡ್ರಮ್‌ನವರು ಬೀಟಿಗೆ ನಾಲ್ಕು ಪೆಟ್ಟು ಹೊಡೆಯುತ್ತಿದ್ದರೆ, 30 ಗಜ ಮುಂದೆ ನಿಂತವರಿಗೆ ಅದೆಲ್ಲ ಒಂದು ಪೆಟ್ಟಿನಷ್ಟು ಹಿಂದಾಗಿ ಕೇಳುತ್ತದೆ. ಮುಂದಿನವರು ಎದುರಿಗೆ ನಿಂತು ಕೈಯಾಡಿಸಿ ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡಿ ಊದಿದರು, ಹಿಂದಿನ ಡ್ರಮ್ಮಿನವರೂ ಅದೇ ಕೈ ನೋಡಿ ಬಾರಿಸಿದರು ಎಂದುಕೊಳ್ಳಿ. ಇಬ್ಬರೂ ಸರಿಯೇ. ಆದರೂ ಮೇಲಿನ ಸ್ಟ್ಯಾಂಡಿನಲ್ಲಿ ಕೂತ ತೀರ್ಪುಗಾರರ ಕಿವಿಗೆ ಹರಿದ ತಾಳವೇ ಬೀಳುತ್ತದೆ.

ಹಾಗಾಗಿ ಎಲ್ಲರೂ ಕೈ ನೋಡಬೇಕು ಎಂಬ ಒಂದೇ ನಿಯಮ ಇಲ್ಲಿ ನಡೆಯುವುದಿಲ್ಲ. ನಿಂತ ಜಾಗ ನೋಡಿ ನಿಯಮ ಬದಲಾಗುತ್ತದೆ. ಡ್ರಮ್ ಸಾಲಿಗಿಂತ ಮುಂದೆ ಇರುವವರು ಹಿಂದಿನಿಂದ ಬರುವ ಡ್ರಮ್ ಸದ್ದನ್ನು ಕೇಳಿ ಅದರ ಜೊತೆಗೇ ಊದಬೇಕು. ಡ್ರಮ್ಮಿನ ಸದ್ದು ತಮ್ಮನ್ನು ದಾಟುವ ಹೊತ್ತಿಗೆ ತಮ್ಮ ಸದ್ದೂ ಹೊರಟರೆ ಎರಡೂ ಒಟ್ಟಿಗೆ ಸ್ಟ್ಯಾಂಡ್ ಮುಟ್ಟುತ್ತವೆ. ಸೈಡ್‌ಲೈನ್ ಬಳಿ ಮರಿಂಬಾ, ವೈಬ್ರಾಫೋನ್ ಇಟ್ಟುಕೊಂಡು ನಿಂತ ಪಿಟ್‌ನವರಿಗೆ ಇದು ಇನ್ನೂ ಕಟ್ಟುನಿಟ್ಟು: ಅವರು ಡ್ರಮ್ ಮೇಜರ್ ಕೈಯನ್ನು ನಂಬಲೇಬಾರದು. ಎದುರಿಗೇ ಕೈ ಕಾಣುತ್ತಿರುವಾಗ ಕಣ್ಣನ್ನು ಬಿಟ್ಟು ಕಿವಿಯನ್ನು ನಂಬುವುದು ಹೊಸಬರಿಗೆ ವಾರಗಟ್ಟಲೆ ಹಿಡಿಸುವ ಪಾಠ.

ಡ್ರಮ್ ಸಾಲಿಗಿಂತ ಹಿಂದೆ ಇರುವವರದು ತದ್ವಿರುದ್ಧ. ಅವರು ಕೇಳಬಾರದು, ನೋಡಬೇಕು. 20 ಗಜ ಹಿಂದಿರುವ ಟ್ರಂಪೆಟ್‌ನವರು ಕೇಳಿದ್ದರ ಜೊತೆ ಊದಿದರೆ, ಡ್ರಮ್ ಸದ್ದು ಅವರನ್ನು ಮುಟ್ಟಲು 20 ಗಜ, ಅವರ ಸದ್ದು ಮರಳಿ ಡ್ರಮ್ಮಿನ ತನಕ ಬರಲು ಇನ್ನು 20 ಗಜ. ತಡ ದುಪ್ಪಟ್ಟಾಗಿ 0.11 ಸೆಕೆಂಡಿನ ಹತ್ತಿರ ಬರುತ್ತದೆ. ಆ ಜಾಗದಲ್ಲಿ ಸರಿಯಾಗಿ ಊದುವವರಿಗೆ ತಾವು ಎಲ್ಲರಿಗಿಂತ ಮೊದಲೇ ಊದುತ್ತಿದ್ದೇವೆ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕು ಕೂಡ. ಅನ್ನಿಸದಿದ್ದರೆ ತಡವಾಗಿದೆ ಎಂದೇ ಲೆಕ್ಕ.

ಅಡ್ಡಲಾಗಿ ಹರಡಿದಾಗಲೂ ಇದೇ ತೊಂದರೆ. ಒಂದು ಬದಿಯ 10 ಗಜದ ಗೆರೆಯಿಂದ ಇನ್ನೊಂದು ಬದಿಯ 10 ಗಜದ ಗೆರೆಯ ತನಕ ಸಾಲು ನಿಂತರೆ ನಡುವೆ 80 ಗಜ. ಒಂದು ತುದಿಯ ಸದ್ದು ಇನ್ನೊಂದು ತುದಿ ಮುಟ್ಟಲು 0.21 ಸೆಕೆಂಡ್, ಹೆಚ್ಚುಕಡಿಮೆ ಬೀಟಿನ ಮೂರನೇ ಎರಡು ಭಾಗ. ಎದುರು ತುದಿಯವರನ್ನು ಕೇಳಿ ಹೊಂದಿಕೊಳ್ಳಲು ಹೋದರೆ ಸಾಲು ಹರಿಯುತ್ತದೆ. ಕೇಳಬೇಕಾದದ್ದು ನಡುಮೈದಾನವನ್ನು ಮಾತ್ರ. ಯಾರು ಯಾವಾಗ ಎಲ್ಲಿ ನಿಲ್ಲಬೇಕೆಂಬ ನಕ್ಷೆಯನ್ನು, ಅಂದರೆ ಡ್ರಿಲ್ ಅನ್ನು, ಬರೆಯುವ ಅನುಭವಿಗಳು ಡ್ರಮ್ಮಿನವರನ್ನು ಆದಷ್ಟು ನಡುವಿನಲ್ಲೇ ಇಟ್ಟುಕೊಳ್ಳುವುದು ಈ ಕಾರಣಕ್ಕೇ. ಚಿತ್ರ ಚೆಂದ ಕಾಣಲೆಂದು ಅವರನ್ನು ಮೂಲೆಗೆ ಕಳಿಸಿದ ಡ್ರಿಲ್‌ಗಳು ಕಾಗದದ ಮೇಲೆ ಮಾತ್ರ ಗೆಲ್ಲುತ್ತವೆ.

ಇನ್ನು ಡ್ರಮ್ ಮೇಜರ್ ಯಾರನ್ನು ನೋಡಬೇಕು? ಸ್ನೇರ್ ಸಾಲಿನ ನಡುವಿನವರ ಪಾದ ನೋಡಬೇಕು. ಕಿವಿಗೆ ಬಿದ್ದ ತಾಳಕ್ಕೆ ಕೈ ಆಡಿಸಿದರೆ ಕೈ ತಡ. ಆ ತಡದ ಕೈ ನೋಡಿ ಹಿಂದಿನವರು ಬಾರಿಸುವುದು ತಡ. ಅದು ಮುಂದೆ ಬಂದು ಮುಟ್ಟುವುದು ಮತ್ತೂ ತಡ. ಹತ್ತಾರು ಬಾರ್ (ತಾಳದ ಆವರ್ತ) ಕಳೆಯುವಷ್ಟರಲ್ಲಿ ವೇಗ ಕುಸಿದಿರುತ್ತದೆ, ಯಾರ ತಪ್ಪೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೇಲೆ ಮುಚ್ಚಿಗೆಯಿರುವ ಸ್ಟೇಡಿಯಂಗಳಲ್ಲಿ ಇದಕ್ಕೆ ಪ್ರತಿಧ್ವನಿಯೂ ಸೇರಿಕೊಳ್ಳುತ್ತದೆ. ವಿಶ್ವ ಚಾಂಪಿಯನ್‌ಶಿಪ್ ಫೈನಲ್ 2009ರಿಂದ ಇಂಡಿಯಾನಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂಗೆ ಹೋದಮೇಲೆ ಈ ಪಾಠ ಎಲ್ಲ ತಂಡಗಳಿಗೂ ಕಡ್ಡಾಯವಾಯಿತು.

ಕಾಲಿನ ಲೆಕ್ಕ ಕಿವಿಯಷ್ಟು ಕಷ್ಟದ್ದಲ್ಲ, ಆದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಮೈದಾನದ ಗೆರೆಗಳು 5 ಗಜಕ್ಕೊಂದು. 5 ಗಜಕ್ಕೆ 8 ಹೆಜ್ಜೆ ಎಂದರೆ ಹೆಜ್ಜೆಗೆ 22.5 ಇಂಚು, ಇದೇ ಮೂಲ ಹೆಜ್ಜೆ. 5 ಗಜಕ್ಕೆ 6 ಹೆಜ್ಜೆಯಾದರೆ 30 ಇಂಚು. ಪ್ರತಿಯೊಬ್ಬರೂ ಡಾಟ್ ಪುಸ್ತಕದಲ್ಲಿ ತಮ್ಮ ಜಾಗ ಬರೆದಿಟ್ಟುಕೊಳ್ಳುತ್ತಾರೆ: ಎಡಬದಿಯ 40ರ ಗೆರೆಯಿಂದ ಹೊರಕ್ಕೆ 4 ಹೆಜ್ಜೆ, ಮುಂದಿನ ಹ್ಯಾಶ್‌ನಿಂದ ಹಿಂದಕ್ಕೆ 6 ಹೆಜ್ಜೆ, ಹೀಗೆ. ಹ್ಯಾಶ್ ಎಂದರೆ ಮೈದಾನದ ಉದ್ದಕ್ಕೂ ಇರುವ ಚಿಕ್ಕ ಗೀಟುಗಳ ಸಾಲು. ಎಲ್ಲರೂ ಮಾಡುವ ತಪ್ಪು ಒಂದೇ. ಮೊದಲ ಹೆಜ್ಜೆ ಚಿಕ್ಕದಾಗುತ್ತದೆ, ಬಾಕಿ ಉಳಿದದ್ದನ್ನು ಕೊನೆಯ ಎರಡು ಹೆಜ್ಜೆಯಲ್ಲಿ ಎಳೆದು ಮುಟ್ಟಿಸುತ್ತಾರೆ. ಡಾಟ್ ಸಿಕ್ಕಿತು, ಆದರೆ ದಾರಿಯುದ್ದಕ್ಕೂ ಸಾಲು ಸೊಟ್ಟ; ಕೊನೆಯ ಎಳೆತಕ್ಕೆ ಉಸಿರು ಅಲುಗಿ ಸ್ವರವೂ ನಡುಗುತ್ತದೆ. ಮೊದಲ ಹೆಜ್ಜೆಯನ್ನು ಪೂರ್ತಿ ಅಳತೆಗೆ ಹಾಕುವುದನ್ನಷ್ಟೇ ಬೇರೆಯಾಗಿ ತಿದ್ದಿದರೆ ಅರ್ಧ ಕೆಲಸ ಮುಗಿದಂತೆ. ಟಾರಿನ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿ ಒದ್ದೆ ಹುಲ್ಲಿನ ಮೇಲೆ ಇಳಿದಾಗ ಈ ಮೊದಲ ಹೆಜ್ಜೆಯೇ ಮೊದಲು ಕೈಕೊಡುವುದು.

ಇಂಥ ಸಣ್ಣ ತಪ್ಪುಗಳಿಗೆ ಒಂದು ಕಾಲದಲ್ಲಿ ಕಟುವಾದ ಬೆಲೆಯಿತ್ತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ದೊಡ್ಡ ಸ್ಪರ್ಧೆಗಳನ್ನು ನಡೆಸುತ್ತಿದ್ದದ್ದು ಅಮೆರಿಕನ್ ಲೀಜನ್ ಮತ್ತು ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮಾಜಿ ಸೈನಿಕರ ಸಂಘಗಳು. 1971ರಲ್ಲಿ ತಂಡಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿಕೊಂಡವು. ಅದರ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆದು ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಆಗ ಟಿಕ್ ಪದ್ಧತಿ. ತೀರ್ಪುಗಾರರು ಹಲಗೆ, ಪೆನ್ಸಿಲ್ ಹಿಡಿದು ಮೈದಾನದೊಳಗೇ ಓಡಾಡುತ್ತಿದ್ದರು. ಕಂಡ ಒಂದೊಂದು ತಪ್ಪಿಗೂ ಒಂದು ಗೀಟು, ಗೀಟಿಗೆ 0.1 ಅಂಕ ಕಡಿತ. ಒಬ್ಬನ ರೋಲ್ (ಬಿಡುವಿಲ್ಲದ ಪೆಟ್ಟುಗಳ ಸರಣಿ) ಬಿಚ್ಚಿಕೊಂಡರೂ ಗೀಟು, ಒಬ್ಬ ಸ್ವರವನ್ನು ಎಲ್ಲರಿಗಿಂತ ತುಸು ಮೊದಲು ಬಿಟ್ಟರೂ ಗೀಟು. ಸ್ನೇರ್ ಸಾಲಿನ ಮುಂದೆ ತೀರ್ಪುಗಾರ ಬಗ್ಗಿ ನಿಂತಾಗ ವಾದಕರಿಗೆ ಪೆನ್ಸಿಲ್ ಆಡುವುದು ಕಾಣುತ್ತಿತ್ತು.

1984ರಿಂದ ಟಿಕ್ ಹೋಯಿತು. ಹೋದದ್ದು ಒಳ್ಳೆಯದೇ ಎನ್ನುತ್ತೇನೆ, ಏಕೆಂದರೆ ಆ ಪದ್ಧತಿಯಲ್ಲಿ ಸುಲಭದ್ದನ್ನು ಚೊಕ್ಕಟವಾಗಿ ಮಾಡುವುದೇ ಜಾಣತನವಾಗಿತ್ತು. ಈಗ ಒಟ್ಟು 100ರಲ್ಲಿ ಒಟ್ಟಾರೆ ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30. ಕಷ್ಟದ್ದನ್ನು ಕೈಗೆತ್ತಿಕೊಂಡದ್ದಕ್ಕೂ ಬೆಲೆಯಿದೆ. ಆದರೂ ಮೇಲಿನ ತಂಡಗಳ ನಡುವಿನ ಅಂತರ ದಶಾಂಶದ್ದೇ: 1996, 1999 ಮತ್ತು 2000ರಲ್ಲಿ ಮೊದಲ ಸ್ಥಾನ ಎರಡೆರಡು ತಂಡಗಳ ಪಾಲಾಯಿತು. 2014ರಲ್ಲಿ ಬ್ಲೂ ಡೆವಿಲ್ಸ್ ಪಡೆದದ್ದು 99.65. ಆ ಮಟ್ಟದಲ್ಲಿ ಹರಿದ ತಾಳಕ್ಕೆ ಜಾಗವೇ ಇಲ್ಲ.

ವಾದ್ಯಗಳ ಬಗ್ಗೆ ಒಂದಿಷ್ಟು. ಹಳೆಯ ಬ್ಯೂಗಲ್‌ಗಳು ಜಿ ಶ್ರುತಿಯವು. ಒಂದು ಪಿಸ್ಟನ್, ಅದನ್ನು ಒತ್ತಿದರೆ ಶ್ರುತಿ ಜಿಯಿಂದ ಕೆಳಗಿನ ಡಿಗೆ ಇಳಿಯುತ್ತದೆ. ಜೊತೆಗೆ ಅರ್ಧ ಸ್ವರ ಇಳಿಸುವ ಒಂದು ರೋಟರ್. ಇಷ್ಟರಲ್ಲಿ ಎಲ್ಲ ಸ್ವರಗಳೂ ಸಿಗುವುದಿಲ್ಲ, ಹಾಗಾಗಿ ಒಂದೇ ರಾಗವನ್ನು ಎರಡು ಮೂರು ಗುಂಪುಗಳಿಗೆ ಹಂಚಿ ಬರೆಯುವುದು ಸಾಮಾನ್ಯವಾಗಿತ್ತು. 1977ರಲ್ಲಿ ಎರಡು ಪಿಸ್ಟನ್, 1990ರಲ್ಲಿ ಮೂರು, 2000ದಿಂದ ಯಾವ ಶ್ರುತಿಯ ವಾದ್ಯವಾದರೂ ಸರಿ ಎಂದಾಯಿತು.

ಶ್ರುತಿ ಕೆಡಿಸುವುದು ಬಿಸಿಲು. ಹಿತ್ತಾಳೆ ಕೊಳವೆಯೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಕಾದರೆ ಶ್ರುತಿ ಸುಮಾರು 30 ಸೆಂಟ್, ಅಂದರೆ ಅರ್ಧ ಸ್ವರದ ಮೂರರಲ್ಲೊಂದು ಪಾಲು ಏರುತ್ತದೆ. ಊದುವವರ ಉಸಿರೇ ಒಳಗನ್ನು ಬೆಚ್ಚಗಿಡುವುದರಿಂದ ನಿಜಕ್ಕೂ ಆಗುವ ಏರಿಳಿತ ಇದಕ್ಕಿಂತ ಕಡಿಮೆ, ಆದರೆ ಕೇಳುವಷ್ಟಂತೂ ಇರುತ್ತದೆ. ವೈಬ್ರಾಫೋನ್‌ನ ಲೋಹದ ಪಟ್ಟಿಗಳು ಕಾದಾಗ ತುಸು ಇಳಿಯುತ್ತವೆ. ಇದು ಏರಿ ಅದು ಇಳಿದು ನಡುವೆ ಸಂದು ಬೀಳುತ್ತದೆ. ಮಧ್ಯಾಹ್ನದ ಅಭ್ಯಾಸದಲ್ಲಿ ಗುರುತು ಹಾಕಿಟ್ಟ ಟ್ಯೂನಿಂಗ್ ಸ್ಲೈಡ್ (ಎಳೆದು ಶ್ರುತಿ ಹೊಂದಿಸುವ ಕೊಳವೆ) ರಾತ್ರಿ ಸ್ಪರ್ಧೆಗೆ ಬರುವುದಿಲ್ಲ. ಕೆಲವು ನಿಮಿಷ ಉದ್ದ ಸ್ವರ ಊದಿದ ಮೇಲೆಯೇ ಶ್ರುತಿ ನೋಡಬೇಕು. ವಾರ್ಮ್‌ಅಪ್ ಜಾಗದಿಂದ ಗೇಟಿನ ತನಕ ನಡೆಯುವಾಗ, ಗೇಟಿನಲ್ಲಿ ಕಾಯುವಾಗ ವಾದ್ಯ ತಣ್ಣಗಾಗುತ್ತದೆ. ಸದ್ದಿಲ್ಲದೆ ಅದರೊಳಗೆ ಬೆಚ್ಚನೆಯ ಉಸಿರು ಬಿಡುತ್ತಲೇ ಇರಬೇಕು.

ಡ್ರಮ್ಮಿನಲ್ಲಿ 1950ರ ದಶಕದ ಕೊನೆಯ ತನಕ ಕರುವಿನ ಚರ್ಮವಿತ್ತು. ಗಾಳಿಯಲ್ಲಿ ತೇವವಿದ್ದರೆ ಸಡಿಲವಾಗುತ್ತಿತ್ತು. ಪ್ಲಾಸ್ಟಿಕ್ ಹಾಳೆ ಬಂದು ಆ ಗೋಳು ತಪ್ಪಿತು. ಆಮೇಲೆ ಬಂದ ಕೆವ್ಲರ್ ಎಂಬ ಗಟ್ಟಿ ಕೃತಕ ನಾರಿನ ಹಾಳೆಯನ್ನು ಇನ್ನಷ್ಟು ಬಿಗಿಯಬಹುದು. ಪೆಟ್ಟು ಒಣಗಿದ ಹಲಗೆಗೆ ಹೊಡೆದಷ್ಟು ಸ್ಪಷ್ಟ, ತಪ್ಪೂ ಅಷ್ಟೇ ಸ್ಪಷ್ಟ. ಸ್ನೇರ್ ಸಾಲು ಹರಿದಂತೆ ಕೇಳಿದಾಗ ಎಲ್ಲರೂ ಮೊದಲು ತಾಳ ತಿದ್ದಲು ಹೋಗುತ್ತಾರೆ. ಮೊದಲು ನೋಡಬೇಕಾದದ್ದು ಕೋಲಿನ ಎತ್ತರ. ಮೆಲುಪೆಟ್ಟಿಗೆ 3 ಇಂಚು, ಗಟ್ಟಿಪೆಟ್ಟಿಗೆ 9 ಅಥವಾ 12 ಇಂಚು ಎಂದು ನಿಗದಿಯಾಗಿರುವಾಗ ಒಬ್ಬರ ಮೆಲುಪೆಟ್ಟು 5 ಇಂಚಿನಿಂದ ಬಿದ್ದರೆ ಅದು ಉಳಿದವರದ್ದನ್ನು ಮೀರಿ ಎದ್ದು ಕೇಳುತ್ತದೆ, ಕಿವಿ ಅದನ್ನು ತಾಳತಪ್ಪು ಎಂದೇ ಎಣಿಸುತ್ತದೆ. ಕನ್ನಡಿಯ ಮುಂದೆ ನಿಲ್ಲಿಸಿ, ವೇಗ ಅರ್ಧಕ್ಕಿಳಿಸಿ, ಎತ್ತರ ಸರಿಪಡಿಸಿದರೆ ಎಷ್ಟೋ ಸಲ ತಾಳ ತಾನಾಗಿ ಕೂಡಿಕೊಳ್ಳುತ್ತದೆ.

ಬಾವುಟ, ರೈಫಲ್ ಆಡಿಸುವ ಕಲರ್ ಗಾರ್ಡ್‌ನವರಿಗೆ ರೈಫಲ್ ಕೈಜಾರಿದಾಗ ಪಾಲಿಸುವ ಕ್ರಮ ಸರಳ. ಕೈಗೆಟುಕುವಂತಿದ್ದರೆ ಮುಂದಿನ ಚಲನೆಯಲ್ಲೇ ಬಾಗಿ ಎತ್ತಿಕೊಳ್ಳಬೇಕು. ಉರುಳಿ ದೂರ ಹೋಗಿದ್ದರೆ ಅದರ ಹಿಂದೆ ಓಡಬಾರದು. ಖಾಲಿ ಕೈಯಲ್ಲೇ ಚಲನೆ ಮುಂದುವರಿಸಿ ತನ್ನ ಡಾಟ್ ಹಿಡಿಯಬೇಕು. ಓಡಿದರೆ ಒಂದು ತಪ್ಪು ಮೂರಾಗುತ್ತದೆ, ಹಿಮ್ಮುಖವಾಗಿ ನಡೆದು ಬರುತ್ತಿರುವ ಟ್ಯೂಬಾದವರಿಗೆ ಡಿಕ್ಕಿ ಹೊಡೆಯುವ ಅಪಾಯ ಬೇರೆ.

ಇನ್ನುಳಿದದ್ದು ಸ್ವರ ಬಿಡುವುದು. ಆರಂಭಕ್ಕೆ ಕೊಡುವ ಗಮನವನ್ನು ಬಹುತೇಕರು ಮುಕ್ತಾಯಕ್ಕೆ ಕೊಡುವುದಿಲ್ಲ. ನಾಲ್ಕು ಬೀಟ್ ಹಿಡಿಯುವ ಸ್ವರವನ್ನು ನಾಲ್ಕನೆಯದರ ಕೊನೆಯಲ್ಲಿ ಎಲ್ಲೋ ಬಿಡಿ ಎಂದರೆ ಅರವತ್ತು ಎಪ್ಪತ್ತು ಜನ ಅಷ್ಟೇ ಬಗೆಯಲ್ಲಿ ಬಿಡುತ್ತಾರೆ. ಮುಂದಿನ ಬಾರಿನ ಮೊದಲ ಬೀಟಿಗೆ ಸರಿಯಾಗಿ ಎಂದು ಗೊತ್ತುಮಾಡಬೇಕು. ನಾಲಿಗೆಯಿಂದ ಕತ್ತರಿಸದೆ ಆ ಬೀಟಿನ ಮೇಲೆ ಎಲ್ಲರೂ ಉಸಿರು ಒಳಗೆಳೆದುಕೊಳ್ಳಬೇಕು. ಸ್ವರ ತಾನಾಗಿ ಒಟ್ಟಿಗೆ ನಿಲ್ಲುತ್ತದೆ, ಮುಂದಿನ ಸಾಲಿಗೆ ಬೇಕಾದ ಉಸಿರೂ ತುಂಬಿರುತ್ತದೆ. ಅಭ್ಯಾಸದಲ್ಲಿ ಮೊದಲು ವಾದ್ಯವಿಲ್ಲದೆ, ಬಾಯಲ್ಲಿ ಹಾಡಿ, ಆ ಉಸಿರೆಳೆತ ಒಂದೇ ಸದ್ದಾಗಿ ಕೇಳುವ ತನಕ ಮಾಡಿಸಿ, ಆಮೇಲೆ ವಾದ್ಯ ಎತ್ತಿಸಬೇಕು.