ಮೂರನೆಯ ಸಮುದ್ರ

ಜುಲೈ 1, 2024, ಸೋಮವಾರ

ಇವತ್ತು ಕೆನಡಾ ಡೇ. 1867ರ ಇದೇ ದಿನ ನಾಲ್ಕು ಪ್ರಾಂತ್ಯಗಳು ಸೇರಿ ಈ ದೇಶ ಹುಟ್ಟಿತು. ರಜೆ ಇತ್ತಲ್ವಾ, ಪಾಸ್‌ಪೋರ್ಟಿನ ಮೇಲಿರುವ ಲಾಂಛನದ ಲ್ಯಾಟಿನ್ ಸಾಲಿನ ಬಗ್ಗೆ ಓದುತ್ತಾ ಕೂತೆ. ‘ಆ ಮಾರಿ ಉಸ್ಕ್ವೆ ಆದ್ ಮಾರೆ.’ ಸಮುದ್ರದಿಂದ ಸಮುದ್ರದವರೆಗೆ ಅಂತ ಅರ್ಥ.

ಇದು ಬೈಬಲ್ಲಿನ 72ನೇ ಕೀರ್ತನೆಯ ಎಂಟನೇ ವಚನದ ಒಂದು ತುಂಡು. ರಾಜ ಸಮುದ್ರದಿಂದ ಸಮುದ್ರಕ್ಕೆ, ನದಿಯಿಂದ ಭೂಮಿಯ ಕೊನೆಯವರೆಗೆ ಆಳುವನು ಅನ್ನುತ್ತದೆ ಆ ವಚನ. ಲಾಂಛನದಲ್ಲಿ ‘ಆಳುವನು’ ಇಲ್ಲ. ಅದನ್ನು ಬಿಟ್ಟಿದ್ದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ. ಹೊಸ ದೇಶವನ್ನು ‘ಡೊಮಿನಿಯನ್’, ಅಂದರೆ ಆಳ್ವಿಕೆಯ ನಾಡು, ಅಂತ ಕರೆಯೋಣ ಎಂದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ರಾಜಕಾರಣಿ ಲಿಯೊನಾರ್ಡ್ ಟಿಲಿ ಹೇಳಿದ್ದು ಇದೇ ವಚನ ಓದಿ ಎನ್ನುತ್ತಾರೆ.

ಆಗ ದೇಶ ಇನ್ನೂ ಪೆಸಿಫಿಕ್ ಮುಟ್ಟಿರಲಿಲ್ಲ. ಆ ತೀರದ ಬ್ರಿಟಿಷ್ ಕೊಲಂಬಿಯಾ ಸೇರಿದ್ದು 1871ರಲ್ಲಿ. ಅದೂ ಹತ್ತು ವರ್ಷದೊಳಗೆ ರೈಲು ತರುತ್ತೇವೆ ಎಂಬ ಮಾತು ಕೊಟ್ಟ ಮೇಲೆ. ಹಳಿ ಕೂಡಿದ್ದು 1885ರಲ್ಲಿ. ಆ ಹಾದಿ ನೋಡಲು 1872ರಲ್ಲಿ ಇಂಜಿನಿಯರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಹೊರಟಾಗ ಜೊತೆಗೆ ಹೋದವರು ಹ್ಯಾಲಿಫ್ಯಾಕ್ಸ್‌ನ ಪಾದ್ರಿ ಜಾರ್ಜ್ ಮನ್ರೊ ಗ್ರಾಂಟ್. ಈ ಸಾಲನ್ನು ತಮ್ಮ ಪ್ರವಚನಗಳಲ್ಲಿ ಹೇಳಿ ಹೇಳಿ ಜನರಿಗೆ ಮುಟ್ಟಿಸಿದವರು ಅವರೇ. ಒಂದು ತೀರದಿಂದ ಇನ್ನೊಂದು ತೀರಕ್ಕೆ ಹೋಗಿ ಬಂದವರ ಬಾಯಲ್ಲಿ ಆ ಮಾತಿಗೆ ತೂಕ ಜಾಸ್ತಿ.

1906ರಲ್ಲಿ ಸಸ್ಕ್ಯಾಚೆವನ್ ಪ್ರಾಂತ್ಯದ ಶಾಸನಸಭೆಯ ಅಧಿಕಾರದಂಡದ ಮೇಲೆ ಅದನ್ನು ಕೆತ್ತಿದರು. ಆಮೇಲೆ ಜೋಸೆಫ್ ಪೋಪ್ ಎಂಬ ಹಿರಿಯ ಅಧಿಕಾರಿ ಇದೇ ಸಾಲು ಬೇಕು ಅಂತ ಒತ್ತಾಯಿಸಿದರು. 1921ರ ನವೆಂಬರ್ 21ರಂದು ಐದನೇ ಜಾರ್ಜ್ ದೊರೆಯ ಘೋಷಣೆಯಿಂದ ಅದು ರಾಷ್ಟ್ರಲಾಂಛನಕ್ಕೆ ಬಂತು.

ನನ್ನನ್ನು ಕಾಡಿದ್ದು ಇದರ ಮುಂದಿನ ಕಥೆ. ಬ್ರಿಟನ್ ಆರ್ಕ್ಟಿಕ್ ದ್ವೀಪಗಳನ್ನು ಕೆನಡಾಕ್ಕೆ ಬಿಟ್ಟುಕೊಟ್ಟಿದ್ದು 1880ರಲ್ಲೇ. ಅಂದರೆ 1921ರಲ್ಲಿ ಮೂರನೆಯ ಸಮುದ್ರವಾದ ಆರ್ಕ್ಟಿಕ್ ಕೂಡ ದೇಶದ ನಕ್ಷೆಯಲ್ಲಿತ್ತು. ಇನ್ಯುಇಟ್ ಜನ ಅದಕ್ಕೂ ಎಷ್ಟೋ ಮೊದಲಿಂದ ಆ ಹಿಮದ ತೀರದಲ್ಲಿ ಬಾಳುತ್ತಿದ್ದರು. ಆದರೂ ಸಾಲಿನಲ್ಲಿ ಅವರ ಸಮುದ್ರಕ್ಕೆ ಜಾಗ ಸಿಗಲಿಲ್ಲ. ಪೂರ್ವ ಪಶ್ಚಿಮದ ರೈಲು ದಾರಿಯನ್ನೇ ದೇಶ ಅಂದುಕೊಂಡವರಿಗೆ ಉತ್ತರ ಕಾಣಲಿಲ್ಲ ಅಂತ ನನಗನಿಸುತ್ತದೆ.

2006ರಲ್ಲಿ ಉತ್ತರದ ಮೂರು ಪ್ರದೇಶಗಳ ನಾಯಕರು ಇದನ್ನು ಬದಲಿಸಿ ಅಂತ ಕೇಳಿದರು. ಮಾತಿನಲ್ಲಿ, ಭಾಷಣಗಳಲ್ಲಿ ಮೂರು ಸಮುದ್ರ ಅನ್ನೋದು ಈಗ ರೂಢಿಯಾಗಿದೆ. ಲಾಂಛನದಲ್ಲಿ ಮಾತ್ರ ಇನ್ನೂ ಎರಡೇ. ಕೊನೆಗೆ ಇನ್ನೊಂದು ‘ಆದ್ ಮಾರೆ’ ಸೇರಿಸಿದರೆ ಸಾಕು. ಅದನ್ನು ಬೇಗ ಮಾಡಬೇಕು.